ಜಾಮ್ ಆದ ಬ್ರೇಕ್ ಕ್ಯಾಲಿಪರ್: ಕಿಟ್, ಗುಜರಿ ಮಾಲು, ಹೊಸದು – ಹಾಕಿಸಿ ನೋಡಿದ ಮೇಲೆ

ನನ್ನ 2007ರ ವ್ಯಾಗನ್ ಆರ್ ಕಾರಿನ ಮುಂದಿನ ಎರಡೂ ಗಾಲಿಗಳಲ್ಲಿ ಈಗ ಇರುವುದು ಕಾರ್ಖಾನೆಯಿಂದಲೇ ಬಂದ, ಬ್ರೇಕ್ ತುಳಿದಾಗ ಪ್ಯಾಡುಗಳಿಂದ ಗಾಲಿಯ ಡಿಸ್ಕನ್ನು ಅಮುಕಿ ಹಿಡಿಯುವ ಕ್ಯಾಲಿಪರ್‌ಗಳು. ನಡುವೆ ಬಲಗಡೆಗೆ ಬೇರೊಂದು ಬಂದು ಐದು ತಿಂಗಳಿದ್ದು ಹೋಯಿತು. ಆ ಐದು ತಿಂಗಳಿಗೆ ನಾನು ತೆತ್ತ ಹಣ, ಹಳೆಯದನ್ನೇ ಸರಿಪಡಿಸಲು ಆಮೇಲೆ ತಗುಲಿದ್ದಕ್ಕಿಂತ ಹೆಚ್ಚು. ಹಳೆಯ ಕಾರು ಇಟ್ಟುಕೊಂಡವರಿಗೆ ಈ ಲೆಕ್ಕ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಮನೆ ಚೆಂಬೂರಿನಲ್ಲಿ. ಕಾರು ವರ್ಷವಿಡೀ ಸೊಸೈಟಿಯ ಬಯಲಿನಲ್ಲಿ ನಿಲ್ಲುತ್ತದೆ. ನಾಲ್ಕು ತಿಂಗಳು ಮಳೆ, ಉಳಿದ ತಿಂಗಳುಗಳಲ್ಲಿ ಕಡಲ ಕಡೆಯಿಂದ ಬರುವ ತೇವದ ಗಾಳಿ. ವಾರದ ದಿನಗಳಲ್ಲಿ ನಾನು ಲೋಕಲ್ ರೈಲಿನಲ್ಲಿ ಓಡಾಡುವುದರಿಂದ ಕಾರು ಹೊರಡುವುದು ಭಾನುವಾರ ಮಾತ್ರ. ಓಡದೆ ನಿಂತ ಕಾರಿನ ಬ್ರೇಕಿಗೆ ಇದಕ್ಕಿಂತ ಕೆಟ್ಟ ಪರಿಸ್ಥಿತಿ ಬೇಡ. 2022ರಲ್ಲಿ ಹದಿನೈದು ವರ್ಷ ತುಂಬಿ ನೋಂದಣಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿಕೊಂಡೆ. ಇಷ್ಟು ಹಳೆಯ ಕಾರಿನ ಮೇಲೆ ದುಡ್ಡು ಸುರಿಯಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ಅದರಲ್ಲಿ ಕುಳಿತುಕೊಳ್ಳುವವರು ಅವ್ವ, ಹೆಂಡತಿ ಮತ್ತು ಮಗಳು.

ಅದೇ ವರ್ಷ ಗಣೇಶನ ಹಬ್ಬ ಮುಗಿಸಿಕೊಂಡು ಬೆಳಗಾವಿಯಿಂದ ಮರಳುವಾಗ ಖಂಡಾಲಾ ಘಾಟ್ ಇಳಿಯುತ್ತಿದ್ದಂತೆ ಸುಟ್ಟ ವಾಸನೆ ಬಂತು. ಖಾಲಾಪುರ ಟೋಲ್ ದಾಟಿ ಬದಿಗೆ ನಿಲ್ಲಿಸಿದೆ. ಬಲಗಡೆಯ ಮುಂದಿನ ಗಾಲಿ ಬೆಚ್ಚಗಿತ್ತು. ಎಡಗಡೆಯದರ ಹತ್ತಿರ ಅಂಗೈ ಒಯ್ಯಲಾಗದಷ್ಟು ಕಾವು. ಒಂದೆರಡು ತಿಂಗಳಿಂದ ಸ್ಟೀರಿಂಗ್ ಎಡಕ್ಕೆ ಎಳೆಯುತ್ತಿದ್ದುದನ್ನು ನಾನು ಟೈರಿನ ಗಾಳಿಯ ದೋಷವೆಂದು ತಿಳಿದಿದ್ದೆ. ಅರ್ಧ ಗಂಟೆ ಆರಲು ಬಿಟ್ಟು, ಎಡ ಅಂಚಿನಲ್ಲೇ ನಿಧಾನವಾಗಿ ಮನೆ ಸೇರಿದೆವು.

ನಮ್ಮ ಗಲ್ಲಿಯ ಮೇಸ್ತ್ರಿ ಇಂಡಿ ತಾಲ್ಲೂಕಿನವರು, ಮೂವತ್ತು ವರ್ಷದಿಂದ ಇಲ್ಲಿದ್ದಾರೆ. "ಹೊಸ ಕ್ಯಾಲಿಪರ್ ತರಲೇ?" ಎಂದು ಕೇಳಿದ್ದಕ್ಕೆ ಅವರು, "ತಡೆಯಿರಿ ಸಾಹೇಬರೇ, ರೋಗ ಕ್ಯಾಲಿಪರಿನದೋ ಪೈಪಿನದೋ ಮೊದಲು ನೋಡೋಣ" ಎಂದರು. ಗಾಲಿಯನ್ನು ಜಾಕಿಯ ಮೇಲೆತ್ತಿ ಕೈಯಿಂದ ತಿರುಗಿಸಿದರೆ ಅಲುಗಲಿಲ್ಲ. ಬ್ರೇಕ್ ಆಯಿಲಿನೊಳಗಿನ ಗಾಳಿಯನ್ನು ಹೊರಬಿಡುವ ಬ್ಲೀಡಿಂಗ್ ನಿಪ್ಪಲ್ ಸಡಿಲಿಸಿದರು. ಆಗ ಒತ್ತಡದಿಂದ ಆಯಿಲ್ ಚಿಮ್ಮಿ ಗಾಲಿ ಸಡಿಲವಾದರೆ ಕ್ಯಾಲಿಪರ್ ನಿರಪರಾಧಿ: ರಬ್ಬರ್ ಪೈಪು ಒಳಗೊಳಗೇ ಊದಿಕೊಂಡು ಆಯಿಲನ್ನು ಹಿಂದಕ್ಕೆ ಬಿಡುತ್ತಿಲ್ಲ, ಇಲ್ಲವೇ ತೊಂದರೆ ಪೆಡಲ್ ತುಳಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿದೆ. ನಿಪ್ಪಲ್ ತೆರೆದ ಮೇಲೂ ಗಾಲಿ ಬಿಗಿಯಾಗಿಯೇ ಇದ್ದರೆ ಪಿಸ್ಟನ್ ಅಥವಾ ಪಿನ್ ಹಿಡಿದುಕೊಂಡಿದೆ ಎಂದರ್ಥ. ನಮ್ಮದು ಎರಡನೆಯ ಬಗೆ. ಎರಡೇ ನಿಮಿಷದ ಈ ಪರೀಕ್ಷೆ ಮಾಡದೆ ಕ್ಯಾಲಿಪರ್ ಬದಲಿಸಿ, ವಾರ ಕಳೆದ ಮೇಲೆ ಮತ್ತೆ ಅದೇ ತೊಂದರೆಯೊಂದಿಗೆ ಬಂದವರನ್ನು ಆ ಗ್ಯಾರೇಜಿನಲ್ಲೇ ನೋಡಿದ್ದೇನೆ.

ಬಿಚ್ಚಿದಾಗ ಒಳಗಿನ ಪ್ಯಾಡ್ ಸವೆದು ತಗಡು ಕಾಣುತ್ತಿತ್ತು, ಹೊರಗಿನದು ಅರ್ಧದಷ್ಟು ಉಳಿದಿತ್ತು. ಈ ಅಂತರವೇ ಸಾಕ್ಷಿ. ಈ ಬಗೆಯ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಅದು ಒಳಗಿನ ಪ್ಯಾಡನ್ನು ಒತ್ತಿದಾಗ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳಬೇಕು. ಪಿನ್ ಹಿಡಿದರೆ ದುಡಿತವೆಲ್ಲ ಒಳಗಿನ ಪ್ಯಾಡಿನ ಮೇಲೆ ಬೀಳುತ್ತದೆ. ಕೆಳಗಿನ ಪಿನ್ ಜಾಗ ಬಿಟ್ಟು ಕದಲಲಿಲ್ಲ. ಹಿಂದೊಮ್ಮೆ ಬೇರೊಂದು ಗ್ಯಾರೇಜಿನಲ್ಲಿ ಪ್ಯಾಡ್ ಬದಲಿಸಿದಾಗ ಅದಕ್ಕೆ ಬೇರಿಂಗಿಗೆ ಹಾಕುವ ಮಾಮೂಲು ಗ್ರೀಸ್ ಬಳಿದಿದ್ದರು. ಪೆಟ್ರೋಲಿಯಂ ಗ್ರೀಸ್ ತಗುಲಿದರೆ ಬ್ರೇಕಿನ ರಬ್ಬರ್ ಊದಿಕೊಳ್ಳುತ್ತದೆ. ಊದಿದ ಬೂಟು (ಪಿನ್ನಿನ ರಬ್ಬರ್ ಕವಚ) ಸೀಳಿ, ನೀರು ಒಳಹೊಕ್ಕು, ಪಿನ್ ತುಕ್ಕು ಹಿಡಿದಿತ್ತು. ಸಿಲಿಕೋನ್ ಗ್ರೀಸ್ ಅಥವಾ ಬ್ರೇಕಿನ ರಬ್ಬರಿಗೆಂದೇ ಬರುವ ಕೆಂಪು ಗ್ರೀಸ್ ಬಿಟ್ಟು ಬೇರೇನೂ ಅಲ್ಲಿ ಸಲ್ಲದು. ಸೀಮೆಎಣ್ಣೆಯಲ್ಲಿ ತೊಳೆಯುವುದೂ ಇದೇ ಹಾನಿ ಮಾಡುತ್ತದೆ. ಎದುರಿಗೆ ನಿಂತು ಬೇಡವೆಂದು ಹೇಳಬೇಕು.

ಎಡಗಡೆಯ ಪಿಸ್ಟನ್ ಮಾತ್ರ ಕನ್ನಡಿಯಂತಿತ್ತು. ಆದ್ದರಿಂದ ಕಿಟ್ ಸಾಕಾಯಿತು. ಸೀಲ್, ಧೂಳಿನ ಬೂಟು ಮತ್ತು ಪಿನ್ನಿನ ಬೂಟುಗಳ ಕಿಟ್ಟಿಗೆ ₹280, ಒಂದು ಜೊತೆ ಪಿನ್ನಿಗೆ ₹160, ಬ್ರೇಕ್ ಆಯಿಲಿಗೆ ₹190, ಕೂಲಿ ₹600. ಒಟ್ಟು ₹1,230, ಅರ್ಧ ದಿನದ ಕೆಲಸ. ಪ್ಯಾಡ್ ಹೇಗೂ ಮುಗಿದಿತ್ತು, ಅದನ್ನು ಈ ಲೆಕ್ಕಕ್ಕೆ ಹಿಡಿದಿಲ್ಲ. ಅಂದು ಮಾಡಿದ ಎಡಗಡೆಗೆ ಮತ್ತೆ ಕೈ ಹಚ್ಚುವ ಪ್ರಸಂಗ ಬಂದಿಲ್ಲ.

2023ರ ಜುಲೈ ಮಳೆಯಲ್ಲಿ ಬಲಗಡೆಯ ಸರದಿ. ಇಲ್ಲಿ ಪಿನ್ ಚೆನ್ನಾಗಿತ್ತು, ಹಿಡಿದದ್ದು ಪಿಸ್ಟನ್. ಹೊರಗೆ ತೆಗೆಯುವುದೇ ಒಂದು ಸಾಹಸವಾಯಿತು. ಕಂಪ್ರೆಸರಿನ ಗಾಳಿಯಿಂದ ಹೊಡೆದರೆ ಪಿಸ್ಟನ್ ಗುಂಡಿನಂತೆ ಹಾರಿ ಬೆರಳು ಜಜ್ಜುತ್ತದೆ. ಮೇಸ್ತ್ರಿ ಕ್ಯಾಲಿಪರಿನ ಬಾಯಲ್ಲಿ ಮರದ ತುಂಡಿಟ್ಟು, ಪೈಪು ಕಳಚದೆ, ಪೆಡಲನ್ನು ಮೆಲ್ಲಗೆ ತುಳಿಸಿ ಆಯಿಲಿನ ಒತ್ತಡದಿಂದಲೇ ಹೊರದಬ್ಬಿದರು. ಬಂದ ಪಿಸ್ಟನ್ನಿನ ಕ್ರೋಮ್ ಲೇಪ ಎರಡು ಕಡೆ ಸಿಪ್ಪೆಯಂತೆ ಎದ್ದಿತ್ತು, ಕೆಳಗೆ ಗುಳಿ ಬಿದ್ದಿತ್ತು. ಬರೀ ಕಲೆಯಿದ್ದರೆ ನುಣುಪಾದ ಉಜ್ಜುಕಾಗದದಿಂದ ತಿಕ್ಕಿ ತೆಗೆಯಬಹುದು. ಲೇಪವೇ ಎದ್ದ ಮೇಲೆ ಅದರ ಕಥೆ ಮುಗಿಯಿತು. ನಾನು ಅಷ್ಟಕ್ಕೇ ಇಡೀ ಕ್ಯಾಲಿಪರಿನ ಕಥೆ ಮುಗಿಯಿತೆಂದು ತಿಳಿದೆ. ತಪ್ಪಿದ್ದು ಅಲ್ಲಿ.

ಕುರ್ಲಾದ ಸಿಎಸ್‌ಟಿ ರಸ್ತೆ ನಮ್ಮ ಮನೆಯಿಂದ ದೂರವಿಲ್ಲ. ಹಳೆಯ ಕಾರುಗಳ ಬಾಗಿಲು, ಎಂಜಿನ್, ಗೇರ್‌ಬಾಕ್ಸ್, ದೀಪ ಎಲ್ಲವೂ ಅಂಗಡಿಯ ಮುಂದೆಯೇ ಪೇರಿಸಿರುತ್ತವೆ. ಕೇಳಿದ ಹತ್ತು ನಿಮಿಷದಲ್ಲಿ ಹುಡುಗನೊಬ್ಬ ನನ್ನ ಮಾಡೆಲ್ಲಿನ ಬಲಗಡೆಯ ಕ್ಯಾಲಿಪರನ್ನು ತಂದು ಕೈಗಿತ್ತ. ಕಪ್ಪು ಬಣ್ಣ ಬಳಿದು ಹೊಳೆಯುತ್ತಿತ್ತು. ₹1,400 ಹೇಳಿದ್ದನ್ನು ₹900ಕ್ಕೆ ಇಳಿಸಿಕೊಂಡೆ. ನಿಪ್ಪಲ್ ಮೇಲ್ಗಡೆಗೆ ಬರುತ್ತದೆಯೇ ಎಂಬುದೊಂದನ್ನು ಸರಿಯಾಗಿ ನೋಡಿದ್ದೆ. ಎಡಬಲ ಅದಲುಬದಲಾದರೆ ನಿಪ್ಪಲ್ ಕೆಳಗೆ ಬಂದು ಒಳಗಿನ ಗಾಳಿ ಹೊರಬೀಳುವುದೇ ಇಲ್ಲ, ಪೆಡಲ್ ಸ್ಪಂಜಿನಂತಿರುತ್ತದೆ. ಆದರೆ ಧೂಳಿನ ಬೂಟನ್ನು ಎತ್ತಿ ಪಿಸ್ಟನ್ ನೋಡಲಿಲ್ಲ. ನಿಪ್ಪಲ್ ತಿರುಗುತ್ತದೆಯೇ ಎಂದೂ ಪರೀಕ್ಷಿಸಲಿಲ್ಲ. ಮೇಸ್ತ್ರಿ "ಕಿಟ್ ಹಾಕಿಯೇ ಕೂರಿಸೋಣ" ಎಂದರು. ಚೆನ್ನಾಗಿಯೇ ಕಾಣುತ್ತಿದೆಯಲ್ಲ ಎಂದು ನಾನು ಬೇಡವೆಂದೆ. ಕಿಟ್ಟಿನ ₹280 ಉಳಿಸಿದ್ದಕ್ಕೆ ಇಂದಿಗೂ ಬೇಸರವಿದೆ.

ಡಿಸೆಂಬರಿನಲ್ಲಿ ಮಗಳನ್ನು ಮಾಟುಂಗಾಕ್ಕೆ ಸಂಗೀತದ ತರಗತಿಗೆ ಕರೆದೊಯ್ಯುವಾಗ ಕಾರು ಬಲಕ್ಕೆ ಜಗ್ಗತೊಡಗಿತು. ಬಿಚ್ಚಿ ನೋಡಿದರೆ ಹೊಳೆಯುವ ಬಣ್ಣದ ಹಿಂದೆ ನನ್ನ ಹಳೆಯದಕ್ಕಿಂತ ಹೆಚ್ಚು ಗುಳಿ ಬಿದ್ದ ಪಿಸ್ಟನ್. ಗಾಳಿ ತೆಗೆಯಲೆಂದು ಸ್ಪ್ಯಾನರ್ ಹಾಕಿದ ಕೂಡಲೇ ನಿಪ್ಪಲಿನ ಕುತ್ತಿಗೆಯೂ ಮುರಿಯಿತು. ಲೆಕ್ಕ ಹೀಗಾಯಿತು: ಕ್ಯಾಲಿಪರ್ ₹900, ಕೂಲಿ ₹500, ಆಯಿಲ್ ₹190, ಹಾಳಾದ ಹೊಸ ಪ್ಯಾಡ್ ₹750. ಐದು ತಿಂಗಳಿಗೆ ₹2,340.

ಜುಲೈನಲ್ಲಿ ಬಿಚ್ಚಿದ ನನ್ನ ಮೂಲ ಕ್ಯಾಲಿಪರನ್ನು ಮೇಸ್ತ್ರಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, "ಎಸೆಯಬೇಡಿ, ಬೇಕಾದೀತು" ಎಂದು ಡಿಕ್ಕಿಯಲ್ಲಿ ಇಟ್ಟಿದ್ದರು. ಈಗ ಅದನ್ನು ತೆಗೆದು, ಸಿಲಿಂಡರಿನೊಳಗೆ ಬೆಳಕು ಹಾಯಿಸಿ ತೋರಿಸಿದರು. ಗೋಡೆಯ ಮೇಲೆ ತುಕ್ಕಿನ ಚುಕ್ಕೆಗಳಿದ್ದವು. ನಾನು ಆಗದು ಎಂದು ತಲೆಯಾಡಿಸಿದೆ. ಅವರು ಉಗುರಿನಿಂದ ಸೀಲಿನ ತೋಡನ್ನು ಗೀರಿ, "ಇಲ್ಲಿ ಚೊಕ್ಕಟವಾಗಿದೆಯಲ್ಲ, ಸಾಕು" ಎಂದರು.

ಇದು ಅರ್ಥವಾಗಲು ಸೀಲ್ ಹೇಗೆ ಕೆಲಸ ಮಾಡುತ್ತದೆ ಎಂಬುದು ಗೊತ್ತಿರಬೇಕು. ಸೀಲ್ ಎಂದರೆ ಚೌಕ ಅಂಚಿನ ಒಂದು ರಬ್ಬರ್ ಉಂಗುರ. ಅದು ಸಿಲಿಂಡರಿನ ಗೋಡೆಯಲ್ಲಿ ಕೊರೆದ ತೋಡಿನಲ್ಲಿ ಕುಳಿತು ಪಿಸ್ಟನ್ನನ್ನು ಸುತ್ತಲೂ ಅಪ್ಪಿಕೊಂಡಿರುತ್ತದೆ. ಬ್ರೇಕ್ ತುಳಿದಾಗ ಪಿಸ್ಟನ್ ಮುಂದೆ ಸರಿಯುತ್ತದೆ, ಉಂಗುರ ತುಸು ಓರೆಯಾಗುತ್ತದೆ. ಕಾಲು ತೆಗೆದೊಡನೆ ಉಂಗುರ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇಲ್ಲಿ ಪಿಸ್ಟನ್ನನ್ನು ಹಿಂದಕ್ಕೆ ತರುವ ಬೇರೆ ಸ್ಪ್ರಿಂಗ್ ಇಲ್ಲ. ಆ ಕೆಲಸ ಈ ಉಂಗುರದ್ದೇ. ಹಾಗಾಗಿ ನುಣುಪಾಗಿರಬೇಕಾದದ್ದು ಪಿಸ್ಟನ್ನಿನ ಮೈ ಮತ್ತು ಆ ತೋಡು. ಗೋಡೆಯ ಉಳಿದ ಭಾಗದಲ್ಲಿ ಒಂದೆರಡು ತುಕ್ಕಿನ ಚುಕ್ಕೆಗಳಿದ್ದರೆ, ತಿಕ್ಕಿ ತೆಗೆದ ಮೇಲೆ ಸೋರಿಕೆಯ ಭಯವಿಲ್ಲ. ಪಿಸ್ಟನ್ ಕೆಟ್ಟಿದೆ ಎಂದು ಕ್ಯಾಲಿಪರನ್ನೇ ಬಿಸಾಡುವುದು, ಬತ್ತಿ ಸುಟ್ಟಿತೆಂದು ದೀಪದ ಕಂಬವನ್ನೇ ಎಸೆದಂತೆ.

ಪಿಸ್ಟನ್ ಬಿಡಿಯಾಗಿ ಸಿಗುತ್ತದೆ ಎಂಬುದೇ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಹಳೆಯ ಪಿಸ್ಟನ್ನನ್ನು ಕೈಯಲ್ಲಿ ಹಿಡಿದು ಹೋಗಿ ಅಳತೆ ಹೊಂದಿಸಿ ತಂದೆ. ಪಿಸ್ಟನ್ ₹350, ಕಿಟ್ ₹280, ಆಯಿಲ್ ₹190, ಕೂಲಿ ₹700. ಒಟ್ಟು ₹1,520.

ಇನ್ನು ಹೊಸ ಕ್ಯಾಲಿಪರ್. ಪುಣೆಯಲ್ಲಿರುವ ನಮ್ಮ ಭಾವನ ಬಳಿ ಇದೇ ಮಾಡೆಲ್ ಇದೆ. ಅವರ ಕಾರಿನ ತೋಡುಗಳೇ ತುಕ್ಕು ತಿಂದು ಹೋಗಿದ್ದರಿಂದ ಕಿಟ್ಟಿನ ದಾರಿ ಮುಚ್ಚಿತ್ತು. ಇಬ್ಬರೂ ನಾನಾ ಪೇಠಿಗೆ ಹೋಗಿ ಕಂಪನಿಯ ಮುದ್ರೆಯಿಲ್ಲದ ಹೊಸ ಮಾಲನ್ನು ಎಡಬಲ ಜೋಡಿಯಾಗಿ ₹3,800ಕ್ಕೆ ತಂದೆವು, ಕೂಲಿ ₹800. ಪೆಟ್ಟಿಗೆಯಿಂದ ತೆಗೆದಾಗ ಪಿನ್‌ಗಳು ಒಣಗಿದ್ದವು, ಗ್ರೀಸಿನ ಸುಳಿವಿಲ್ಲ. ಹಾಗೆಯೇ ಕೂರಿಸಿದ್ದರೆ ವರ್ಷದಲ್ಲಿ ನನ್ನ ಎಡಗಡೆಯ ಗತಿಯೇ ಆಗುತ್ತಿತ್ತು. ಬಿಚ್ಚಿ ಗ್ರೀಸ್ ಹಚ್ಚಿಸಿದೆವು. ಮೊದಲ ಮಳೆಗೇ ಮೇಲಿನ ಲೇಪ ಮಂಕಾಗಿ ಕೆಂಪು ಕಾಣಿಸಿಕೊಂಡಿತು, ಆದರೆ ಕೆಲಸದಲ್ಲಿ ಕೊರತೆಯಿಲ್ಲ. ಭಾವನ ಕಾರನ್ನೂ ನನ್ನದನ್ನೂ ಒಂದೇ ಖಾಲಿ ರಸ್ತೆಯಲ್ಲಿ ಓಡಿಸಿ ಬ್ರೇಕ್ ಹಾಕಿ ನೋಡಿದೆ. ಎರಡೂ ನೇರವಾಗಿ ನಿಂತವು. ಪೆಡಲಿನ ಬಿಗಿಯಲ್ಲಿ ನನ್ನ ಕಾಲಿಗೆ ವ್ಯತ್ಯಾಸ ತಿಳಿಯಲಿಲ್ಲ.

ಕಂಪನಿಯ ಹೊಸ ಕ್ಯಾಲಿಪರಿಗೆ ನನಗೆ ಹೇಳಿದ ಬೆಲೆ ಒಂದು ಬದಿಗೆ ₹4,200. ಅದನ್ನು ಹಾಕಿಸಿ ನೋಡಿಲ್ಲ. ಇನ್ನೂ ಹತ್ತು ವರ್ಷ ಓಡಿಸುವ ಕಾರಾಗಿದ್ದರೆ ಯೋಚಿಸುತ್ತಿದ್ದೆ.

ಹಾಗಾಗಿ ಇನ್ನೊಮ್ಮೆ ಜಾಮ್ ಆದರೆ ನಾನು ಮೊದಲು ನೋಡುವುದು ಸೀಲಿನ ತೋಡನ್ನು. ಅದು ಚೊಕ್ಕಟವಾಗಿದ್ದರೆ ಕಿಟ್, ಬೇಕಾದರೆ ಪಿಸ್ಟನ್. ಅದು ಕೆಟ್ಟಿದ್ದರೆ ಬಿಡಿ ಮಾರುಕಟ್ಟೆಯ ಹೊಸ ಜೋಡಿ. ಗುಜರಿ ಮಾಲನ್ನು, ಬೇರೆಲ್ಲೂ ಸಿಗದ ಕಾರಿನವರು ಮಾತ್ರ, ಅಂಗಡಿಯಲ್ಲೇ ಬೂಟು ಎತ್ತಿ ನೋಡಿ, ಕಿಟ್ಟಿನ ಖರ್ಚನ್ನು ಸೇರಿಸಿಯೇ ಚೌಕಾಸಿ ಮಾಡಿ ಕೊಳ್ಳಲಿ. ಹಾಗೆ ಲೆಕ್ಕ ಹಾಕಿದರೆ ಅದು ಅಗ್ಗವಾಗಿ ಉಳಿಯುವುದಿಲ್ಲ.

ಯಾವುದನ್ನು ಹಾಕಿಸಿದರೂ ಪೈಪಿನ ಬೋಲ್ಟಿನ ಎರಡು ತಾಮ್ರದ ವಾಷರ್‌ಗಳನ್ನು ಹೊಸದಾಗಿ ಹಾಕಿಸಿ. ಹಳೆಯವು ಒಮ್ಮೆ ಅಪ್ಪಚ್ಚಿಯಾದ ಮೇಲೆ ಸೋರುತ್ತವೆ. ಪ್ಯಾಡುಗಳನ್ನು ಎರಡೂ ಬದಿಗೆ ಒಟ್ಟಿಗೆ ಬದಲಿಸಿ. ಹಳೆಯ ಆಯಿಲನ್ನು ಪೂರ್ತಿ ತೆಗೆಸಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ: ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟ್ ಇಳಿಯುವಾಗ ಕಾದ ಕ್ಯಾಲಿಪರಿನಲ್ಲಿ ಆ ನೀರು ಆವಿಯಾದರೆ ಪೆಡಲ್ ಟೊಳ್ಳಾಗುತ್ತದೆ. ಕಾಯದಿದ್ದಾಗ ಅದೇ ನೀರು ಒಳಗಿಂದ ತುಕ್ಕು ಹಿಡಿಸುತ್ತದೆ. ನಮ್ಮದು ಕಡುಚಹಾದ ಬಣ್ಣಕ್ಕೆ ತಿರುಗಿತ್ತು. ಈಗ ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಮತ್ತೊಂದು ಮಾತು: ಕೆಲಸ ಮುಗಿದ ಮೇಲೆ ಕಾರನ್ನು ಕದಲಿಸುವ ಮುಂಚೆ ಪೆಡಲನ್ನು ಗಟ್ಟಿಯಾಗುವವರೆಗೆ ಹತ್ತಾರು ಸಲ ತುಳಿಯಿರಿ. ಮೊದಲ ತುಳಿತ ನೆಲ ಮುಟ್ಟುತ್ತದೆ, ಆಗ ಕಾರು ಓಡುತ್ತಿರಬಾರದು.

2025ರ ಮಳೆ ಮುಗಿದ ಮೇಲೆ ಎರಡೂ ಗಾಲಿ ಬಿಚ್ಚಿಸಿದೆ. ಎಡಗಡೆಯ ಒಳಹೊರ ಪ್ಯಾಡುಗಳು ಸಮನಾಗಿ ಸವೆದಿದ್ದವು. ಬಲಗಡೆಯ ಗಾಲಿಯನ್ನು ಮೇಸ್ತ್ರಿ ಒಂದು ಬೆರಳಿನಿಂದ ತಿರುಗಿಸಿ ಬಿಟ್ಟರು. ಪ್ಯಾಡ್ ಡಿಸ್ಕಿಗೆ ಹಗುರವಾಗಿ ಸವರುವ ಸದ್ದು ಮಾಡುತ್ತ ಅದು ಎರಡು ಸುತ್ತು ತಿರುಗಿ ನಿಂತಿತು.