ಸಂಜೆ ಬೆಳಕಿನಲ್ಲಿ 150-600 ಎಂಎಂ ಲೆನ್ಸ್: ವರ್ಷಗಳ ಬಳಕೆಯ ನಂತರ

ಹಕ್ಕಿ ಫೋಟೋಗೆ ನಾನು ವರ್ಷಗಳಿಂದ ಬಳಸುತ್ತಿರುವುದು ಎಫ್/5-6.3ರ 150-600 ಎಂಎಂ ಜೂಮ್. ಒಳ್ಳೆ ಬಿಸಿಲಿದ್ದರೆ ಯಾವ ಲೆನ್ಸ್ ಆದರೂ ನಡೆಯುತ್ತದೆ. ಹೊತ್ತು ಮುಳುಗಿದ ಮೇಲೆ ಎಷ್ಟು ಹೊತ್ತು ಕೈಹಿಡಿಯುತ್ತದೆ ಅನ್ನೋದೇ ಮುಖ್ಯ, ಅಲ್ವಾ?

ಜೂಮ್ ಅನ್ನು 600ಕ್ಕೆ ಎಳೆದರೆ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್/6.3. ಈ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಎಫ್/4 ಲೆನ್ಸ್‌ಗೆ ಸಿಗುವ ಬೆಳಕಿನಲ್ಲಿ ಅರ್ಧವೂ ಇದಕ್ಕೆ ಸಿಗುವುದಿಲ್ಲ. ಹಾಗಾಗಿ ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 6400 ದಾಟುವುದು ಮಾಮೂಲಿ. ಅದಕ್ಕೆ ಹೆದರಬೇಡಿ. ಐಎಸ್‌ಓ ಇಳಿಸಿ ಕಪ್ಪಗೆ ತೆಗೆದು, ಆಮೇಲೆ ಕಂಪ್ಯೂಟರ್‌ನಲ್ಲಿ ಬೆಳಕು ಏರಿಸಿದರೆ ನಾಯ್ಸ್ (ಫೋಟೋದಲ್ಲಿ ಕಾಣುವ ಕಾಳುಕಾಳು ಚುಕ್ಕೆ) ಏನೂ ಕಡಿಮೆಯಾಗುವುದಿಲ್ಲ.

ಮೊದಲು ಕೈಕೊಡುವುದು ಫೋಕಸ್. ಕೊಂಬೆ ಮೇಲೆ ಗೂಬೆ ಕಣ್ಣೆದುರೇ ಕೂತಿರುತ್ತದೆ. ಲೆನ್ಸ್ ಮಾತ್ರ ಹತ್ತಿರದಿಂದ ದೂರಕ್ಕೆ, ದೂರದಿಂದ ಹತ್ತಿರಕ್ಕೆ ಸುಮ್ನೆ ತಡಕಾಡುತ್ತದೆ. ಲೆನ್ಸ್ ತಡಕಾಡುವ ದೂರಕ್ಕೆ ಮಿತಿ ಹಾಕುವ ಫೋಕಸ್ ಲಿಮಿಟರ್ ಸ್ವಿಚ್ ಅನ್ನು ದೂರಕ್ಕೆ ಹಾಕಿದರೆ ಈ ತಡಕಾಟ ಎಷ್ಟೋ ಕಡಿಮೆ. ಎದೆಯ ನುಣುಪು ಗರಿ ಬಿಟ್ಟು, ಆಕಾಶಕ್ಕೆ ಎದುರಾಗಿ ಕಪ್ಪಗೆ ಕಾಣುವ ತಲೆಯ ಅಂಚಿಗೆ ಫೋಕಸ್ ಪಾಯಿಂಟ್ ಇಟ್ಟು ನೋಡಿ. ಹೆಚ್ಚಿನ ಸಲ ತಕ್ಷಣ ಹಿಡಿಯುತ್ತದೆ.

ಸ್ಟೆಬಿಲೈಸೇಶನ್ ಚೆನ್ನಾಗಿದೆ. ಆದರೆ ಅದು ತಡೆಯುವುದು ನಮ್ಮ ಕೈ ನಡುಕವನ್ನು, ಹಕ್ಕಿಯ ಅಲುಗಾಟವನ್ನಲ್ಲ. ಕೂತ ಗೂಬೆಗೆ ಶಟರ್ ವೇಗ 1/60 ಸೆಕೆಂಡ್ ಇಟ್ಟು ಒಂದೇ ಸಮನೆ ಹತ್ತಾರು ಫ್ರೇಮ್ ತೆಗೆಯುತ್ತೇನೆ. ಅದು ತಲೆ ತಿರುಗಿಸಿ ಒಂದು ಕ್ಷಣ ನಿಲ್ಲುತ್ತದಲ್ಲ, ಆಗಿನದ್ದು ಶಾರ್ಪ್ ಬರುತ್ತದೆ. ಗೂಡಿಗೆ ಮರಳುವ ಬೆಳ್ಳಕ್ಕಿಗಳಿಗಾದರೆ 1/30ಕ್ಕೆ ಇಳಿಸಿ, ಹಕ್ಕಿಯ ಜೊತೆಗೇ ಕ್ಯಾಮೆರಾ ತಿರುಗಿಸುತ್ತೇನೆ. ರೆಕ್ಕೆ ಮಸುಕಾಗಲಿ, ಕಣ್ಣು ಸ್ಪಷ್ಟವಿದ್ದರೆ ಸಾಕು.

ಎಡಿಟಿಂಗ್‌ಗೆ ಲೈಟ್‌ರೂಮ್. 2023ರಲ್ಲಿ ಅದಕ್ಕೆ ಎಐ ಡಿನಾಯ್ಸ್ (ನಾಯ್ಸ್ ತೆಗೆಯುವ ಸೌಲಭ್ಯ) ಬಂದ ಮೇಲೆ ಈ ಲೆನ್ಸ್‌ನ ಸಂಜೆ ಇನ್ನಷ್ಟು ಉದ್ದವಾಯಿತು ಅಂತಲೇ ಹೇಳಬೇಕು. ಫೋಟೋವನ್ನು ರಾ (ಕ್ಯಾಮೆರಾ ಸಂಸ್ಕರಿಸದ ಮೂಲ) ಫೈಲ್‌ನಲ್ಲೇ ತೆಗೆಯಿರಿ. ಡಿನಾಯ್ಸ್ 50ಕ್ಕೆ ಇದ್ದರೆ ನಾನು 30ರ ಆಸುಪಾಸಿಗೆ ಇಳಿಸುತ್ತೇನೆ. ಜಾಸ್ತಿ ಕೊಟ್ಟರೆ ಗೂಬೆಯ ಎದೆಯ ಸಣ್ಣ ಗೆರೆಗಳೆಲ್ಲ ಅಳಿಸಿಹೋಗಿ ಗರಿ ಮೇಣ ಮೆತ್ತಿದ ಹಾಗೆ ಕಾಣುತ್ತದೆ. ಶಾರ್ಪ್‌ನೆಸ್ ಅನ್ನು ಮಾಸ್ಕ್ ಹಾಕಿ ಹಕ್ಕಿಗಷ್ಟೇ ಕೊಡಿ, ಹಿನ್ನೆಲೆಗೆ ಬೇಡ. ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಅನ್ನು ಆಟೋಗೆ ಬಿಟ್ಟರೆ ಸಂಜೆಯ ಕೆಂಪು ಪೇಲವವಾಗುತ್ತದೆ. ನಾನು ಡೇಲೈಟ್‌ನಲ್ಲೇ ಇಟ್ಟು ಚೂರೇ ಚೂರು ತಿದ್ದುತ್ತೇನೆ.

ಭಾರ ಸುಮಾರು 2 ಕೆಜಿ. ಮಾನೋಪಾಡ್ (ಒಂಟಿ ಕಾಲಿನ ಆಸರೆ ಕೋಲು) ಇಲ್ಲದೆ ಕತ್ತಲಾಗುವ ತನಕ ಹಿಡಿದು ನಿಲ್ಲುವುದು ಕಷ್ಟ, ಲೆನ್ಸ್ ಜೊತೆಗೇ ಅದನ್ನೂ ಕೊಂಡುಬಿಡಿ.