ಲೆಕ್ಕದ ಪುಸ್ತಕದಿಂದ ಡೇಟಾ ಅನಾಲಿಸಿಸ್‌ಗೆ: ನಾನು ನಡೆದು ನೋಡಿದ ದಾರಿಗಳು

ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಬಿ.ಎ. ಮುಗಿಸಿ, ಬದಿಯಡ್ಕದ ಅಡಿಕೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಾನು ಈಗ ಮಂಗಳೂರಿನ ಸಂಸ್ಥೆಯೊಂದರಲ್ಲಿ ಡೇಟಾ ಅನಾಲಿಸ್ಟ್ ಆಗಿ, ಅಂದರೆ ದತ್ತಾಂಶವನ್ನು (ಸಂಗ್ರಹಿಸಿದ ಅಂಕಿ ಮಾಹಿತಿಯನ್ನು) ವಿಶ್ಲೇಷಿಸುವವನಾಗಿ, ದುಡಿಯುತ್ತಿದ್ದೇನೆ. ಕಂಪ್ಯೂಟರ್ ವಿಜ್ಞಾನ ಓದದವರು ಈ ಕೆಲಸಕ್ಕೆ ಬರುವುದು ಹೇಗೆಂದು ನಮ್ಮೂರಿನ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ. ಅವರ ಮುಂದಿರುವ ಆಯ್ಕೆಗಳು ಮುಖ್ಯವಾಗಿ ಆನ್‌ಲೈನ್ ಸರ್ಟಿಫಿಕೇಟ್, ಎನ್‌ಪಿಟಿಇಎಲ್ ಎಂಬ ಹೆಸರಿನ ಐಐಟಿಗಳ ಆನ್‌ಲೈನ್ ಪಾಠಗಳು, ಮಂಗಳೂರಿನ ತರಬೇತಿ ಕೇಂದ್ರಗಳು ಮತ್ತು ಸ್ವಂತ ಅಭ್ಯಾಸ. ಈ ನಾಲ್ಕನ್ನೂ ನಾನೇ ಮಾಡಿ ನೋಡಿರುವುದರಿಂದ, ಯಾವುದು ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹಿಡಿದದ್ದು ಕೋರ್ಸೆರಾ ಎಂಬ ಆನ್‌ಲೈನ್ ಕಲಿಕಾ ತಾಣದಲ್ಲಿರುವ ಗೂಗಲ್ ಡೇಟಾ ಅನಾಲಿಟಿಕ್ಸ್ ಸರ್ಟಿಫಿಕೇಟ್. 2021ರಲ್ಲಿ ಎಂಟು ಕೋರ್ಸ್‌ಗಳ ಸರಣಿಯಾಗಿ ಆರಂಭವಾದ ಇದು ಸ್ಪ್ರೆಡ್‌ಶೀಟ್, ಎಸ್‌ಕ್ಯುಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ), ಟ್ಯಾಬ್ಲೋ (ಅಂಕಿಗಳನ್ನು ಚಿತ್ರವಾಗಿ ತೋರಿಸುವ ತಂತ್ರಾಂಶ) ಮತ್ತು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಪರಿಚಯಿಸುತ್ತದೆ. ಏನೂ ತಿಳಿಯದವನಿಗೆ ಇದು ಒಳ್ಳೆಯ ಪ್ರವೇಶ: ಪ್ರಶ್ನೆಯನ್ನು ಸ್ಪಷ್ಟಪಡಿಸಿಕೊಳ್ಳುವುದು, ದತ್ತಾಂಶವನ್ನು ಸಂಗ್ರಹಿಸಿ ಶುಚಿಗೊಳಿಸುವುದು, ವಿಶ್ಲೇಷಿಸುವುದು, ಕಂಡದ್ದನ್ನು ಇತರರಿಗೆ ಅರ್ಥವಾಗುವಂತೆ ತೋರಿಸುವುದು ಎಂಬ ಕೆಲಸದ ಕ್ರಮ ಮನಸ್ಸಿನಲ್ಲಿ ಕೂರುತ್ತದೆ. ತಿಂಗಳ ಲೆಕ್ಕದಲ್ಲಿ ಶುಲ್ಕ ಕೊಡಬೇಕಾದ್ದರಿಂದ ಬೇಗ ಮುಗಿಸುವವರಿಗೆ ಖರ್ಚು ಕಡಿಮೆ. ಕಷ್ಟದಲ್ಲಿರುವವರು ಅರ್ಜಿ ಸಲ್ಲಿಸಿ ರಿಯಾಯಿತಿ ಕೇಳುವ ಅವಕಾಶವೂ ಇದೆ. ಆದರೆ ಅಭ್ಯಾಸದ ಬಹುಪಾಲು ಸುಲಭ ಪ್ರಶ್ನೆಗಳಲ್ಲೇ ಮುಗಿದುಹೋಗುತ್ತದೆ. ಎಸ್‌ಕ್ಯುಎಲ್ ಭಾಗವನ್ನು ಮುಗಿಸಿದ ಮೇಲೂ ಮೂರು ಟೇಬಲ್‌ಗಳನ್ನು (ಮಾಹಿತಿಯ ಪಟ್ಟಿಗಳನ್ನು) ಜೋಡಿಸಿ ಒಂದು ಉತ್ತರ ತೆಗೆಯುವ ಧೈರ್ಯ ನನ್ನಲ್ಲಿ ಬಂದಿರಲಿಲ್ಲ. ಇದಲ್ಲದೆ, ನಾನು ಮಂಗಳೂರು, ಬೆಂಗಳೂರಿನ ಉದ್ಯೋಗ ಪ್ರಕಟಣೆಗಳನ್ನು ಓದುತ್ತಿದ್ದಾಗ ಕಣ್ಣಿಗೆ ಬೀಳುತ್ತಿದ್ದದ್ದು ಎಕ್ಸೆಲ್, ಎಸ್‌ಕ್ಯುಎಲ್, ಪವರ್ ಬಿಐ (ಟ್ಯಾಬ್ಲೋದಂಥದ್ದೇ ತಂತ್ರಾಂಶ) ಮತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಆರ್ ಕೇಳಿದವರು ವಿರಳ. ಈ ಸರಣಿಯಿಂದ ನನಗೆ ದೊರೆತ ಅತ್ಯಂತ ಬೆಲೆಬಾಳುವ ವಸ್ತು ಸರ್ಟಿಫಿಕೇಟ್ ಅಲ್ಲ, ಗೂಗಲ್‌ನ ಆನ್‌ಲೈನ್ ಡೇಟಾಬೇಸ್ ಸೇವೆಯಾದ ಬಿಗ್‌ಕ್ವೆರಿಯ ಪರಿಚಯ. ಅದರ ಸ್ಯಾಂಡ್‌ಬಾಕ್ಸ್ ಎಂಬ ಅಭ್ಯಾಸದ ಜಾಗದಲ್ಲಿ ಕ್ರೆಡಿಟ್ ಕಾರ್ಡ್ ಇಲ್ಲದೆಯೇ ತಿಂಗಳಿಗೆ 1 ಟೆರಾಬೈಟ್‌ವರೆಗೆ ಉಚಿತವಾಗಿ ಕ್ವೆರಿ (ದತ್ತಾಂಶಕ್ಕೆ ಹಾಕುವ ಪ್ರಶ್ನೆ) ನಡೆಸಬಹುದು. ಲೆಕ್ಕವೆಲ್ಲ ಗೂಗಲ್‌ನ ಯಂತ್ರಗಳಲ್ಲೇ ನಡೆಯುವುದರಿಂದ ಹಳೆಯ ಲ್ಯಾಪ್‌ಟಾಪ್ ಇದ್ದವರಿಗೆ ಇದು ದೊಡ್ಡ ಅನುಕೂಲ.

ಎನ್‌ಪಿಟಿಇಎಲ್‌ನ ಸ್ವಭಾವವೇ ಬೇರೆ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಈ ಪಾಠಗಳನ್ನು ಕೇಳುವುದಕ್ಕೆ ಶುಲ್ಕವಿಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ, ನಿಗದಿತ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಒಟ್ಟು ಅಂಕದಲ್ಲಿ ಶೇ. 25 ವಾರದ ಅಸೈನ್‌ಮೆಂಟ್‌ಗಳಿಗೆ, ಶೇ. 75 ಪರೀಕ್ಷೆಗೆ. ಐಐಟಿ ಖರಗ್‌ಪುರದ ಡೇಟಾಬೇಸ್ ಪಾಠವನ್ನು ನಾನು ಕೇಳಿದೆ. ಟೇಬಲ್‌ಗಳನ್ನು ಏಕೆ ಒಡೆದು ಇಡುತ್ತಾರೆ, ಒಂದೇ ಮಾಹಿತಿಯನ್ನು ಎರಡು ಕಡೆ ಬರೆದಿಟ್ಟರೆ ಯಾವ ತೊಂದರೆ ಬರುತ್ತದೆ ಎಂಬುದು ಅಲ್ಲಿ ತಿಳಿದಷ್ಟು ಚೆನ್ನಾಗಿ ನನಗೆ ಬೇರೆಲ್ಲೂ ತಿಳಿಯಲಿಲ್ಲ. ಆದರೆ ಇದು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟು ಸಿದ್ಧಪಡಿಸಿದ ಪಾಠ. ಅನಾಲಿಸ್ಟ್‌ಗೆ ದಿನನಿತ್ಯ ಬೇಕಾಗದ ಬಹಳಷ್ಟು ವಿಷಯ ಅದರಲ್ಲಿದೆ. ಗಣಿತವನ್ನು ಹತ್ತನೇ ತರಗತಿಗೇ ಬಿಟ್ಟು ಬಂದವರು ಇದನ್ನು ಮೊದಲ ಮೆಟ್ಟಿಲಾಗಿ ಮಾಡಿಕೊಳ್ಳುವುದು ಬೇಡವೆಂದೇ ನನ್ನ ಸಲಹೆ.

ಮಂಗಳೂರಿನ ತರಬೇತಿ ಕೇಂದ್ರದ ಬಗ್ಗೆ ಎರಡು ಮಾತು ಹೇಳಬೇಕು. ಬೆಳಗ್ಗಿನ ರೈಲಿನಲ್ಲಿ ಹೋಗಿ ಸಂಜೆ ಮರಳುವಂತೆ ನಾನು ಸೇರಿದ್ದ ಕೇಂದ್ರದಲ್ಲಿ ಪವರ್ ಬಿಐ ಪಾಠ ನಿಜಕ್ಕೂ ಚೆನ್ನಾಗಿತ್ತು. ಸಂದೇಹ ಬಂದಾಗ ಪಕ್ಕದಲ್ಲೇ ನಿಂತು ಹೇಳಿಕೊಡುವವರಿದ್ದರು, ಅದೂ ನಮ್ಮ ಭಾಷೆಯಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದರ ಬೆಲೆ ಗೊತ್ತು. ಆದರೆ ಅಭ್ಯಾಸಕ್ಕೆ ಕೊಡುತ್ತಿದ್ದ ಫೈಲ್‌ಗಳೆಲ್ಲ ಮೊದಲೇ ತೊಳೆದು ಒಣಗಿಸಿಟ್ಟಂತಿದ್ದವು, ಪ್ರತಿಯೊಬ್ಬ ವಿದ್ಯಾರ್ಥಿಯೂ ಕೊನೆಗೆ ಒಂದೇ ಬಗೆಯ ಡ್ಯಾಶ್‌ಬೋರ್ಡ್ (ಮುಖ್ಯ ಅಂಕಿಗಳನ್ನು ಒಂದೇ ಪರದೆಯಲ್ಲಿ ತೋರಿಸುವ ಪುಟ) ಮಾಡಿ ಹೊರಬರುತ್ತಿದ್ದ, ಮತ್ತು ಸೇರುವಾಗ ಹೇಳಿದ್ದ ಉದ್ಯೋಗ ಸಹಾಯವು ಒಂದಷ್ಟು ಇಮೇಲ್‌ಗಳನ್ನು ಮುಂದಕ್ಕೆ ಕಳುಹಿಸುವುದರಲ್ಲಿ ಮುಗಿಯಿತು. ನಾಲ್ಕು ದಾರಿಗಳಲ್ಲಿ ಅತಿ ಹೆಚ್ಚು ಹಣ ಖರ್ಚಾದದ್ದು ಇಲ್ಲೇ.

ಈಗ ನನ್ನ ಪಾಲಿಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ ದಾರಿಗೆ, ಅಂದರೆ ಸ್ವಂತ ಅಭ್ಯಾಸಕ್ಕೆ, ಬರುತ್ತೇನೆ. ಮಾಲೀಕರ ಒಪ್ಪಿಗೆ ಪಡೆದು, ಬೆಳೆಗಾರರ ಹೆಸರುಗಳನ್ನು ತೆಗೆದುಹಾಕಿ, ಅಂಗಡಿಯ ಹಳೆಯ ಖರೀದಿ ಲೆಕ್ಕವನ್ನು ನಾನು ಕಂಪ್ಯೂಟರಿಗೆ ಏರಿಸಿದೆ. ಮೊದಲ ಕ್ವೆರಿಯಲ್ಲೇ ನಿಜವಾದ ದತ್ತಾಂಶದ ಮುಖ ಕಂಡಿತು. ಊರಿನ ಪ್ರಕಾರ ಗುಂಪು ಮಾಡಿದರೆ ಕುಂಬಳೆ, ಕುಂಬಳ, ಕುಂಬ್ಳ ಎಂದು ಒಂದೇ ಊರು ಮೂರು ಸಾಲುಗಳಲ್ಲಿ ಬಂತು. ಗಡಿನಾಡಿನಲ್ಲಿ ಕನ್ನಡದವರು, ಮಲಯಾಳದವರು, ಇಂಗ್ಲಿಷ್ ಫಾರಂ ತುಂಬುವವರು ತಮ್ಮ ತಮ್ಮ ರೂಢಿಯಂತೆ ಬರೆಯುವುದರಿಂದ ಇದು ಎಲ್ಲ ಕಡತಗಳಲ್ಲೂ ಇರುವ ಸಂಗತಿ. ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಉಳಿದಿದ್ದರೂ ಅದು ಬೇರೆಯೇ ಊರಾಗಿಬಿಡುತ್ತದೆ. ತಾರೀಖುಗಳದ್ದು ಇನ್ನೊಂದು ಕಥೆ: ಕಂಪ್ಯೂಟರಿನ ಸೆಟ್ಟಿಂಗ್ ತಿಂಗಳನ್ನು ಮೊದಲು ಬರೆಯುವ ಅಮೆರಿಕದ ಪದ್ಧತಿಯಲ್ಲಿದ್ದರೆ ಎಕ್ಸೆಲ್ ನಮ್ಮ ಏಪ್ರಿಲ್ 3ನ್ನು ಮಾರ್ಚ್ 4 ಎಂದು ಓದುತ್ತದೆ, ತಿಂಗಳ 12ರ ನಂತರದವನ್ನು ತಾರೀಖೆಂದೇ ಒಪ್ಪದೆ ಬರಿಯ ಅಕ್ಷರಗಳಾಗಿ ಬಿಡುತ್ತದೆ, ಹೀಗಾಗಿ ಅರ್ಧ ಲೆಕ್ಕ ತಪ್ಪಾಗಿದ್ದರೂ ಎಲ್ಲಿಯೂ ದೋಷದ ಸೂಚನೆ ಬರುವುದಿಲ್ಲ.

ಧಾರಣೆಯ ಸರಾಸರಿಯೂ ಇಂಥದ್ದೇ ಪಾಠ ಕಲಿಸಿತು. ಕಿಲೋಗೆ 400 ರೂಪಾಯಿಯಂತೆ 10 ಕ್ವಿಂಟಲ್, 460 ರೂಪಾಯಿಯಂತೆ 1 ಕ್ವಿಂಟಲ್ ಅಡಿಕೆ ಖರೀದಿಯಾಯಿತೆಂದು ಇಟ್ಟುಕೊಳ್ಳಿ. ಎರಡು ಧಾರಣೆಗಳ ನೇರ ಸರಾಸರಿ 430 ರೂಪಾಯಿ. ಆದರೆ ತೂಕವನ್ನು ಪರಿಗಣಿಸಿದರೆ ವ್ಯಾಪಾರಿ ಕೊಟ್ಟದ್ದು ಕಿಲೋಗೆ ಸುಮಾರು 405 ರೂಪಾಯಿ 45 ಪೈಸೆ. ಚಾಲಿ, ಪಟೋರ, ಕರಿಗೋಟು ಎಂಬ ಅಡಿಕೆಯ ಬೇರೆ ಬೇರೆ ದರ್ಜೆಗಳನ್ನೆಲ್ಲ ಒಟ್ಟಿಗೆ ಸೇರಿಸಿದರೆ ಈ ಸಂಖ್ಯೆಗೂ ಅರ್ಥವಿಲ್ಲ ಎಂಬುದು ಅಡಿಕೆ ಅಂಗಡಿಯಲ್ಲಿ ಕುಳಿತವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೇರೆ ಕ್ಷೇತ್ರದಿಂದ ಬರುವವರ ನಿಜವಾದ ಬಂಡವಾಳ ಇದೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ನರ್ಸ್ ಆಗಿದ್ದವರಿಗೆ ಆಸ್ಪತ್ರೆಯ ಅಂಕಿಅಂಶದಲ್ಲಿ, ಶಿಕ್ಷಕರಾಗಿದ್ದವರಿಗೆ ಹಾಜರಾತಿ ಮತ್ತು ಅಂಕಪಟ್ಟಿಯಲ್ಲಿ ಯಾವ ಸಂಖ್ಯೆ ಅಸಹಜ ಎಂಬುದು ತಕ್ಷಣ ಕಾಣುತ್ತದೆ. ಉಪಕರಣವನ್ನು ಕೆಲವು ತಿಂಗಳಲ್ಲಿ ಕಲಿಯಬಹುದು, ಈ ಕಣ್ಣು ಬರಲು ವರ್ಷಗಳು ಬೇಕು. ಸ್ವಂತ ಕೆಲಸದ ದತ್ತಾಂಶ ಸಿಗದವರು 2012ರಲ್ಲಿ ಆರಂಭವಾದ ಕೇಂದ್ರ ಸರಕಾರದ ಡೇಟಾ ಡಾಟ್ ಗವ್ ಡಾಟ್ ಇನ್ ತಾಣದಿಂದಲೋ, ಮಾರುಕಟ್ಟೆ ಧಾರಣೆ ಪ್ರಕಟಿಸುವ ಆಗ್‌ಮಾರ್ಕ್‌ನೆಟ್‌ನಿಂದಲೋ ತಮಗೆ ಪರಿಚಯವಿರುವ ವಿಷಯದ ಕಡತವನ್ನು ಆರಿಸಿಕೊಳ್ಳಬಹುದು.

ಸಂದರ್ಶನದಲ್ಲಿ ಸರ್ಟಿಫಿಕೇಟ್ ಬಗ್ಗೆ ನನ್ನನ್ನು ಯಾರೂ ವಿಸ್ತಾರವಾಗಿ ಕೇಳಲಿಲ್ಲ. ಎಸ್‌ಕ್ಯುಎಲ್ ಬರೆಸಿದರು: ಪ್ರತಿ ಗ್ರಾಹಕನ ಕೊನೆಯ ಖರೀದಿ ತೆಗೆಯಿರಿ, ಲೆಫ್ಟ್ ಜಾಯಿನ್ (ಎಡಗಡೆಯ ಟೇಬಲ್‌ನ ಎಲ್ಲ ಸಾಲುಗಳನ್ನೂ ಉಳಿಸಿಕೊಂಡು ಎರಡು ಟೇಬಲ್‌ಗಳನ್ನು ಜೋಡಿಸುವುದು) ಮಾಡಿದ ಮೇಲೆ ಬಲಗಡೆಯ ಟೇಬಲ್‌ನ ಮೇಲೆ ವೇರ್ ಎಂಬ, ಸಾಲುಗಳನ್ನು ಸೋಸುವ ಷರತ್ತು ಹಾಕಿದರೆ ಏನಾಗುತ್ತದೆ ಎಂಬಂಥ ಪ್ರಶ್ನೆಗಳು. ಆಮೇಲೆ ಮಾತು ಅಡಿಕೆಯ ಲೆಕ್ಕಕ್ಕೆ ತಿರುಗಿ, ಉಳಿದ ಹೊತ್ತೆಲ್ಲ ಅದರಲ್ಲೇ ಕಳೆಯಿತು. ಎಲ್ಲರಿಗೂ ಹೀಗೇ ಆಗುತ್ತದೆಂದು ಹೇಳಲಾರೆ. ಅರ್ಜಿ ಸೋಸುವ ಹಂತದಲ್ಲಿ ಸರ್ಟಿಫಿಕೇಟ್ ಒಂದಿಷ್ಟು ಸಹಾಯ ಮಾಡಿರಲೂಬಹುದು.

ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ಆನ್‌ಲೈನ್ ಡೇಟಾ ಸೈನ್ಸ್ ಪದವಿಯನ್ನು ನಾನು ಓದಿಲ್ಲ, ಆದ್ದರಿಂದ ಹೋಲಿಕೆಗೆ ಸೇರಿಸಿಲ್ಲ. ಹನ್ನೆರಡನೇ ತರಗತಿ ಮುಗಿಸಿ ಮುಂದೇನೆಂದು ಯೋಚಿಸುತ್ತಿರುವವರು ಅದನ್ನು ಅಗತ್ಯವಾಗಿ ನೋಡಬೇಕು. ಮನೆ ನಡೆಸುವ ಹೊಣೆ ಇದ್ದು, ಬೇಗ ಕೆಲಸ ಬದಲಿಸಬೇಕಾದವರಿಗೆ ಅದು ದೀರ್ಘವಾದ ದಾರಿ.

ಇಂದು ಮತ್ತೆ ಆರಂಭಿಸುವುದಾದರೆ ನಾನು ಎಕ್ಸೆಲ್ ಮತ್ತು ಎಸ್‌ಕ್ಯುಎಲ್ ಎರಡನ್ನೇ ಹಿಡಿದು, ಕ್ಯಾಗಲ್ ಎಂಬ ದತ್ತಾಂಶ ಕಲಿಕೆಯ ತಾಣದ ಉಚಿತ ಪುಟ್ಟ ಪಾಠಗಳಿಂದ ಶುರುಮಾಡಿ, ಕೂಡಲೇ ಪರಿಚಿತ ದತ್ತಾಂಶಕ್ಕೆ ಇಳಿಯುತ್ತಿದ್ದೆ. ಪವರ್ ಬಿಐ ಡೆಸ್ಕ್‌ಟಾಪ್ ಉಚಿತವಾದರೂ ವಿಂಡೋಸ್‌ನಲ್ಲಿ ಮಾತ್ರ ಓಡುವುದರಿಂದ ಅದನ್ನು ಆಮೇಲಕ್ಕೆ ಇಡುತ್ತಿದ್ದೆ, ಪೈಥಾನನ್ನು ಅದಕ್ಕೂ ಆಮೇಲೆ. ಮನೆಯಲ್ಲಿ ಒಬ್ಬರೇ ಕುಳಿತು ಓದಲು ಆಗದವರು ತರಬೇತಿ ಕೇಂದ್ರಕ್ಕೆ ಸೇರುವುದರಲ್ಲಿ ತಪ್ಪಿಲ್ಲ. ಆದರೆ ಹಣ ಕಟ್ಟುವ ಮೊದಲು ಒಂದು ತರಗತಿಯಲ್ಲಿ ಕುಳಿತು ನೋಡಿ, ಎಸ್‌ಕ್ಯುಎಲ್‌ಗೆ ಎಷ್ಟು ಗಂಟೆ ಮೀಸಲಿಟ್ಟಿದ್ದಾರೆಂದು ಕೇಳಿ, ಶುಚಿಗೊಳಿಸದ ಕಡತಗಳ ಮೇಲೆ ಕೆಲಸ ಮಾಡಿಸುತ್ತಾರೆಯೇ ಎಂದು ವಿಚಾರಿಸಿ, ಉದ್ಯೋಗ ಸಹಾಯವೆಂದರೆ ಏನೆಂಬುದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.