ಕಾರಿನ ಏರ್ ಫಿಲ್ಟರ್: 150 ರೂಪಾಯಿಯದ್ದು, 390ರದ್ದು, 5 ಸಾವಿರದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಂಪನಿಯ ಒರಿಜಿನಲ್ ಪೇಪರ್ ಫಿಲ್ಟರಿಗೆ. 390 ರೂಪಾಯಿಯದ್ದು ಬಿಟ್ಟು 150ರ ಲೋಕಲ್ ಫಿಲ್ಟರ್ ಹಾಕಿಸಿ 240 ರೂಪಾಯಿ ಉಳಿಸಿದೆ. ಆಮೇಲೆ ಥ್ರಾಟಲ್ ಬಾಡಿ, ಅಂದರೆ ಇಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಭಾಗ, ತೊಳೆಸಲು 900 ಕೊಟ್ಟೆ. ನನ್ನ ಜಾಣತನ ಅಷ್ಟು.

ನಮ್ಮೂರು ಹೊಸಪೇಟೆ. ಕೆಲಸ ತೋರಣಗಲ್ಲಿನಲ್ಲಿ, ವಾರಕ್ಕೆ ಒಂದೆರಡು ಸಲ ಸಂಡೂರಿಗೂ ಹೋಗಬೇಕು. ಈ ಕಡೆ ಓಡಾಡಿದವರಿಗೆ ಧೂಳಿನ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಅದಿರಿನ ಲಾರಿ ಹಿಂದೆ ಹತ್ತು ನಿಮಿಷ ಹೋದರೆ ಬಿಳಿ ಕಾರು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ನಾವೇನೋ ಗಾಜು ಏರಿಸಿ ಎಸಿ ಹಾಕಿಕೊಳ್ಳುತ್ತೇವೆ. ಇಂಜಿನ್ ಮಾತ್ರ ಅದೇ ಗಾಳಿ ಕುಡಿಯಬೇಕು. ಎಷ್ಟು ಕುಡಿಯುತ್ತೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿದೆ. ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕೆಜಿ ಗಾಳಿ ಬೇಕು. ಅಂದರೆ 1 ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಮನೆ ಮೇಲಿನ ನೀರಿನ ಟ್ಯಾಂಕು 1,000 ಲೀಟರಿನದ್ದು ಅಂದುಕೊಳ್ಳಿ, ಅಂಥ ಒಂಬತ್ತು ಟ್ಯಾಂಕು. ನಾನು ತೋರಣಗಲ್ಲಿಗೆ ಹೋಗಿ ಬರುವಷ್ಟರಲ್ಲಿ 4 ಲೀಟರ್ ಖರ್ಚು, ಮೂವತ್ತಾರು ಟ್ಯಾಂಕು ಗಾಳಿ. ಅಷ್ಟನ್ನೂ ಸೋಸುವುದು ಅಂಗೈಯಗಲದ ಒಂದು ಮಡಿಕೆ ಕಾಗದ.

ಕಾರು ತಗೊಂಡಾಗ ಸರ್ವಿಸ್ ಪಟ್ಟಿಯಲ್ಲಿ 40,000 ಕಿಲೋಮೀಟರಿಗೆ ಫಿಲ್ಟರ್ ಬದಲಿಸಿ ಅಂತ ಇತ್ತು. ಅದರ ಕೆಳಗೇ ಸಣ್ಣ ಅಕ್ಷರದಲ್ಲಿ, ಧೂಳಿನ ರಸ್ತೆಯಾದರೆ ಇನ್ನೂ ಬೇಗ ಅಂತಲೂ ಇತ್ತು. ಸಣ್ಣ ಅಕ್ಷರ ಯಾರು ಓದುತ್ತಾರೆ? 22,000ಕ್ಕೆ ಸಂಡೂರಿನ ಏರಿನಲ್ಲಿ ಕಾರು ಮುಕ್ಕರಿಯಲು ಶುರುವಾಯಿತು. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಜಾಗದಲ್ಲಿ ಎರಡಕ್ಕೆ ಇಳಿಸಬೇಕಾಯಿತು. ಮನೆಗೆ ಬಂದು ಬಾನೆಟ್ ಎತ್ತಿ ಫಿಲ್ಟರ್ ತೆಗೆದೆ. ಪೇಪರ್ ಹಾಸಿ ಮೆಲ್ಲಗೆ ತಟ್ಟಿದರೆ ಒಂದು ಹಿಡಿ ಕೆಂಪು ಹುಡಿ, ಎರಡು ಬೇವಿನ ಎಲೆ, ಯಾವುದೋ ಹುಳದ ರೆಕ್ಕೆ. ಮಡಿಕೆಗಳ ನಡುವೆ ಬೆರಳ ಉಗುರು ತೂರಿಸಲೂ ಜಾಗ ಇರಲಿಲ್ಲ.

ಇಲ್ಲಿ ಒಂದು ಮಾತು. ಫಿಲ್ಟರ್ ಬದಲಿಸಿದರೆ ಮೈಲೇಜ್ ಜಾಸ್ತಿ ಆಗುತ್ತೆ ಅಂತ ಎಲ್ಲ ಗ್ಯಾರೇಜಿನಲ್ಲೂ ಹೇಳುತ್ತಾರೆ. ಹಳೆಯ ಕಾರ್ಬ್ಯುರೇಟರ್ ಗಾಡಿಗಳಿಗೆ ಅದು ನಿಜ. ಈಗಿನ ಇಂಜೆಕ್ಷನ್ ಕಾರಿನಲ್ಲಿ ಗಾಳಿ ಕಡಿಮೆ ಬಂದರೆ ಕಂಪ್ಯೂಟರು ಪೆಟ್ರೋಲನ್ನೂ ಕಡಿಮೆ ಬಿಡುತ್ತದೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಕಟ್ಟಿಕೊಂಡ ಫಿಲ್ಟರಿನಿಂದ ಈಗಿನ ಪೆಟ್ರೋಲ್ ಕಾರಿನ ಮೈಲೇಜಿಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ, ಬಿದ್ದದ್ದು ಪಿಕಪ್ಪಿಗೆ. ನನ್ನ ಕಾರಿನಲ್ಲೂ ಹಾಗೇ ಆಯಿತು. ಹೊಸದು ಹಾಕಿದ ಮೇಲೆ ಏರು ಸಲೀಸಾಯಿತು, ಪೆಟ್ರೋಲ್ ಬಂಕಿನ ಬಿಲ್ಲು ಮಾತ್ರ ಅಷ್ಟೇ ಬಂತು.

ಹಾಗಾದರೆ ಫಿಲ್ಟರ್ ಚೆನ್ನಾಗಿರಬೇಕು ಅಂತ ಯಾಕೆ ಒದ್ದಾಡಬೇಕು? ಒಳಗೆ ಹೋಗುವ ಧೂಳಿಗಾಗಿ. ಮಣ್ಣಿನಲ್ಲಿರುವ ಮರಳಿನ ಪುಡಿ ಸಾಮಾನ್ಯ ಕಬ್ಬಿಣಕ್ಕಿಂತ ಗಟ್ಟಿ. ಅದು ಸಿಲಿಂಡರಿನ ಎಣ್ಣೆಯ ಜೊತೆ ಸೇರಿದರೆ ಉಜ್ಜುವ ಪೇಸ್ಟ್ ಆಗುತ್ತದೆ. ಪಿಸ್ಟನ್ನಿನ ಸುತ್ತ ಇರುವ ರಿಂಗು ಸವೆಯುತ್ತದೆ, ಇಂಜಿನ್ನು ಆಯಿಲ್ ಕುಡಿಯುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ. ಅಲ್ಲಿಗೆ ಬಂದರೆ ಇಂಜಿನ್ ಕೆಲಸವೇ ಗತಿ.

ಈಗ ಆ 150ರ ಕಥೆ. ಎರಡನೇ ಸಲ ಬದಲಿಸುವಾಗ ಸ್ಪೇರ್ಸ್ ಅಂಗಡಿಯಲ್ಲಿ ಒರಿಜಿನಲ್ ಇರಲಿಲ್ಲ. ‘ಇದೂ ಅದೇ ಸರ, ಡಬ್ಬಿ ಅಷ್ಟೇ ಬೇರೆ’ ಅಂದ ಅಂಗಡಿಯವನು. ನೋಡಲು ಹಾಗೇ ಇತ್ತು. ಗ್ಯಾರೇಜಿನ ಹುಡುಗ ಹಾಕುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಕಾರಿನಲ್ಲಿ ಫಿಲ್ಟರ್ ಕೂರುವ ಡಬ್ಬಿಯ ಮುಚ್ಚಳದ ಒಂದು ಕ್ಲಿಪ್ಪು ಕೂರಲಿಲ್ಲ. ಎತ್ತಿ ಮತ್ತೆ ಇಟ್ಟ, ಕೂರಲಿಲ್ಲ. ಕೊನೆಗೆ ಅಂಗೈಯಲ್ಲಿ ಎರಡು ಬಾರಿಸಿ ಕ್ಲಿಪ್ ಎಳೆದು ಹಾಕಿದ. ‘ಏನಾಗಲ್ಲ ಬಿಡ್ರಿ ಸರ, ಓಡಿದ ಮೇಲೆ ತಾನೇ ಕೂತ್ಕೊಳ್ತದ’ ಅಂದ. ನಾನೂ ಸುಮ್ನೆ ದುಡ್ಡು ಕೊಟ್ಟು ಬಂದೆ.

ಎರಡು ತಿಂಗಳಿಗೆ ಸಿಗ್ನಲ್ಲಿನಲ್ಲಿ ನಿಂತಾಗ ಇಂಜಿನ್ ಏರಿಳಿಯತೊಡಗಿತು. ಒಮ್ಮೆ ಗೊರ್ ಅನ್ನುವುದು, ಒಮ್ಮೆ ಆಫ್ ಆಗುವ ಹಾಗೆ ಕುಗ್ಗುವುದು. ಪ್ಲಗ್ಗು ನೋಡಿಸಿದೆ, ಚೆನ್ನಾಗಿತ್ತು. ಪೆಟ್ರೋಲ್ ಸರಿಯಿಲ್ಲವೇನೋ ಅಂತ ಬಂಕ್ ಬದಲಿಸಿದೆ. ಕೊನೆಗೆ ಒಂದು ಭಾನುವಾರ ನಾನೇ ಡಬ್ಬಿ ಬಿಚ್ಚಿದೆ. ಫಿಲ್ಟರಿನ ಕೆಳಗಡೆ, ಧೂಳು ಇರುವ ಕಡೆ, ಕೆಂಪು ಇರುವುದು ಸರಿ. ಮೇಲುಗಡೆ ಇಂಜಿನ್ನಿಗೆ ಹೋಗುವ ಕಡೆ ಕರಿಯ ಪ್ಲಾಸ್ಟಿಕ್ ಹೊಳೆಯುತ್ತಿರಬೇಕು. ಅಲ್ಲಿ ಒಂದು ಮೂಲೆಯಿಂದ ಪೈಪಿನ ಬಾಯಿಯ ತನಕ ಕೆಂಪು ಗೆರೆ ಎಳೆದ ಹಾಗಿತ್ತು. ಬಿಳಿ ಕರ್ಚೀಫನ್ನು ಬೆರಳಿಗೆ ಸುತ್ತಿ ಪೈಪಿನ ಒಳಗೆ ಒರೆಸಿದೆ. ಕುಂಕುಮದ ಭರಣಿಗೆ ಬೆರಳು ಹಾಕಿ ತೆಗೆದ ಹಾಗೆ ಬಂತು.

ಕಾಗದದಲ್ಲಿ ತೂತಿರಲಿಲ್ಲ, ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ತಪ್ಪು ಇದ್ದದ್ದು ಸುತ್ತಲಿನ ರಬ್ಬರಿನಲ್ಲಿ. ಒರಿಜಿನಲ್ಲಿನ ಅಂಚು ಮೆತ್ತಗಿರುತ್ತದೆ, ಹೆಬ್ಬೆರಳಲ್ಲಿ ಒತ್ತಿದರೆ ತಗ್ಗಿ ಮತ್ತೆ ಮೇಲೇಳುತ್ತದೆ. ಇದರದ್ದು ಚಪ್ಪಲಿ ಅಟ್ಟೆಯಷ್ಟು ಗಟ್ಟಿ. ಒಂದು ಮೂಲೆಯಲ್ಲಿ ದಪ್ಪ ಬೇರೆ ಕಡಿಮೆ. ಕ್ಲಿಪ್ ಕೂರದ ಮೂಲೆಯೂ ಅದೇ. ಅಲ್ಲಿ ಹೆಚ್ಚೆಂದರೆ ಒಂದು ಪೋಸ್ಟ್ ಕಾರ್ಡ್ ತೂರುವಷ್ಟು ಸಂದು. ಗಾಳಿಗೆ ಅಷ್ಟು ಸಾಕು. ಕಾಗದದ ಮೂಲಕ ಕಷ್ಟಪಟ್ಟು ನುಸುಳುವ ಬದಲು ಸಂದಿಯಿಂದ ಆರಾಮವಾಗಿ ಹೋಗುತ್ತದೆ, ಧೂಳನ್ನೂ ಜೊತೆಗೆ ಕರೆದುಕೊಂಡು. ಥ್ರಾಟಲ್ ಬಾಡಿಯಲ್ಲಿ ಮೊದಲೇ ಎಣ್ಣೆ ಪಸೆ ಇರುತ್ತದೆ. ಅದರ ಮೇಲೆ ಈ ಮಣ್ಣು ಕೂತು ಕೆಸರಾಗಿತ್ತು. ಅದನ್ನು ತೊಳೆದದ್ದಕ್ಕೇ ಆ 900. ಎರಡು ತಿಂಗಳಲ್ಲಿ ಇಂಜಿನ್ ಒಳಗೆ ಎಷ್ಟು ಹೋಯಿತೋ ಅದಕ್ಕೆ ಬಿಲ್ಲಿಲ್ಲ.

ಎಲ್ಲ ಲೋಕಲ್ ಮಾಲೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಆದರೆ ಅಂಗಡಿಯಲ್ಲೇ ಅಂಚನ್ನು ಒತ್ತಿ ನೋಡದೆ ತರಬೇಡಿ. ಒರಿಜಿನಲ್ ಡಬ್ಬಿಯಲ್ಲೂ ಡೂಪ್ಲಿಕೇಟ್ ಬರುತ್ತದೆ, ಹಾಗಾಗಿ ನಾನೀಗ ಕಂಪನಿಯ ಕೌಂಟರಿನಲ್ಲೇ ತಗೊಳ್ಳುವುದು.

ಇನ್ನು 5 ಸಾವಿರದ್ದು. ತೊಳೆದು ಎಣ್ಣೆ ಹಚ್ಚಿ ಮತ್ತೆ ಮತ್ತೆ ಬಳಸುವ ಕಾಟನ್ ಫಿಲ್ಟರ್. ಬೆಂಗಳೂರಿನಲ್ಲಿರುವ ನನ್ನ ಭಾವಮೈದುನ ಇದೇ ಮಾಡೆಲ್ ಕಾರು ಮಾರುವಾಗ ಬಿಚ್ಚಿಟ್ಟುಕೊಂಡಿದ್ದ, ‘ಭಾವ, ಇದನ್ನ ಹಾಕಿ ನೋಡಿ, ಕಾರು ಹಾರುತ್ತೆ’ ಅಂತ ತಂದುಕೊಟ್ಟ. ಹಾರಲಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಗುರ್ ಅನ್ನುವ ಸದ್ದು ಜಾಸ್ತಿಯಾಯಿತು, ಅದು ಕೇಳಲು ಚೆನ್ನಾಗಿತ್ತು. ಹೊಸ ಪೇಪರ್ ಫಿಲ್ಟರಿಗೂ ಇದಕ್ಕೂ ಏರಿನಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ತೊಳೆಯುವುದು ಮಾತ್ರ ದೊಡ್ಡ ಪೂಜೆ. ಕ್ಲೀನರ್ ಹೊಡೆದು ನೆನೆಸಬೇಕು, ಒಳಗಿನಿಂದ ಹೊರಕ್ಕೆ ನೀರು ಬಿಡಬೇಕು, ನೆರಳಿನಲ್ಲೇ ಒಣಗಿಸಬೇಕು. ರಾತ್ರಿಯೆಲ್ಲ ಕಾರು ಮೂಗಿಲ್ಲದೆ ನಿಂತಿರುತ್ತದೆ. ಆಮೇಲೆ ಎಣ್ಣೆ. ಕಡಿಮೆಯಾದರೆ ಧೂಳು ಹಿಡಿಯಲ್ಲ, ಜಾಸ್ತಿಯಾದರೆ ಕೆಲವು ಕಾರುಗಳಲ್ಲಿ ಗಾಳಿ ಅಳೆಯುವ ಸೆನ್ಸರಿನ ಮೇಲೆ ಹೋಗಿ ಕೂರಬಹುದು. ನಮ್ಮ ಧೂಳಿಗೆ ಪ್ರತಿ 5,000 ಕಿಲೋಮೀಟರಿಗೆ ಈ ಪೂಜೆ ಬೇಕಾಯಿತು. ಎರಡು ಸಲ ಮಾಡಿ ವಾಪಸ್ ಕೊಟ್ಟೆ. ಟಾರು ರಸ್ತೆಯಲ್ಲೇ ಓಡಿಸುವ, ಭಾನುವಾರ ಪೂರ್ತಿ ಕಾರಿನ ಹಿಂದೆ ಕಳೆಯುವವರಿಗೆ ಇಷ್ಟವಾಗಬಹುದು.

ಪುಕ್ಕಟೆ ದಾರಿ ಒಂದಿದೆ, ಹಳೆಯದಕ್ಕೇ ಏರ್ ಹೊಡೆಸಿ ಹಾಕುವುದು. ನಡುವೆ ಒಮ್ಮೆ ಆದರೆ ಪರವಾಗಿಲ್ಲ, ಅದೂ ಮೆಲ್ಲಗೆ, ಒಳಗಿನಿಂದ ಹೊರಕ್ಕೆ. ಪಂಚರ್ ಅಂಗಡಿಯ ಪೈಪನ್ನು ಮಡಿಕೆಗೆ ತಾಗಿಸಿ ಹೊಡೆದರೆ ಕಾಗದ ಹರಿಯುತ್ತದೆ. ಸುಮ್ನೆ ವಾರಕ್ಕೊಮ್ಮೆ ಬಿಚ್ಚುವುದೂ ಬೇಡ. ತೆಳುವಾಗಿ ಧೂಳು ಕೂತ ಕಾಗದ ಹೊಸದಕ್ಕಿಂತ ಚೆನ್ನಾಗಿಯೇ ಸೋಸುತ್ತದೆ.

ಎಸಿ ಫಿಲ್ಟರ್ ಬೇರೆ, ಇದು ಬೇರೆ. ಬಿಲ್ಲಿನಲ್ಲಿ ಯಾವುದು ಹಾಕಿದ್ದಾರೆ ನೋಡಿಕೊಳ್ಳಿ.

ನಾನು ತಿಂಗಳಿಗೆ 1,800 ಕಿಲೋಮೀಟರ್ ಓಡಿಸುತ್ತೇನೆ. 12,000ಕ್ಕೊಂದು ಅಂತ ಇಟ್ಟುಕೊಂಡರೆ ವರ್ಷಕ್ಕೆ ಎರಡು ಫಿಲ್ಟರ್, 780 ರೂಪಾಯಿ. ಬದಲಿಸಲು ಐದು ನಿಮಿಷ, ನನ್ನ ಕಾರಿಗೆ ಸ್ಕ್ರೂಡ್ರೈವರೂ ಬೇಡ. ನಾಲ್ಕೂ ಕ್ಲಿಪ್ಪು ಟಕ್ ಅಂತ ಒಂದೇ ಏಟಿಗೆ ಕೂರಬೇಕು, ಕೂರದಿದ್ದರೆ ಬಾರಿಸದೆ ವಾಪಸ್ ತೆಗೆಯುವುದು. ಈಗಿನದರ ಅಂಚಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ 46,200 ಅಂತ ಬರೆದಿದ್ದೇನೆ. ಮುಂದಿನದು ಆಗಲೇ ಡಿಕ್ಕಿಯಲ್ಲಿ, ಸ್ಟೆಪ್ನಿ ಪಕ್ಕ ಇದೆ.